ಅಂಗಳದಲ್ಲಿ ಗರಿಕೆಯ ಹಾಸು

ಗಣಪತಿಯ ಪೂಜೆಗೆ ಹುಡುಕಿ ತರುವ ಗರಿಕೆಯನ್ನೇ ರಾಗಿಯ ಹೊಲದಲ್ಲಿ ಕಂಡರೆ ರೈತನು ಶಪಿಸುತ್ತಾನೆ. ನಮ್ಮ ನಾಡಿನಲ್ಲಿ ಲಾನ್ ಬೆಳೆಸಲು ನೆಡುವ ಹುಲ್ಲುಗಳಲ್ಲಿಯೂ ಈ ಗರಿಕೆಯೇ ಪ್ರಧಾನವಾದುದು. ಒಕ್ಕಣೆ ಯಂತ್ರದ ಪಾಲಾದ ಮೇಲೆ ನಮ್ಮ ಮನೆಯ ಮುಂದಿನ ಕಣ ಬರಿದಾಗಿತ್ತು. ಕಳೆದ ಬೇಸಗೆಯ ರಜೆಯಲ್ಲಿ ಅಲ್ಲಿ ಹುಲ್ಲುಹಾಸು ಮಾಡಲು ಹೊರಟಾಗ ಅಪ್ಪ, “ಅಲ್ಲ ಕಣೋ, ಕಿತ್ತೂ ಕಿತ್ತೂ ನನ್ನ ಬೆನ್ನು ಬಗ್ಗಿಹೋಯ್ತು. ನೀನು ಬಿ.ಎ. ಓದಿ ಬಂದು ಅದನ್ನೇ ನೆಡ್ತೀಯಾ?” ಎಂದರು. ಮನೆಗೆ ಮೊದಲ ಪದವೀಧರನಾಗಲಿರುವ ನನಗೆ ಉತ್ತರ ಹೊಳೆಯಲಿಲ್ಲ.

ರೈತನನ್ನು ಗೋಳಾಡಿಸುವ ಗುಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗರಿಕೆಯ ಬಳ್ಳಿ ನೆಲದ ಮೇಲೂ ಒಳಗೂ ಹರಿಯುತ್ತದೆ. ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ನೇಗಿಲು ಕತ್ತರಿಸಿದ ತುಂಡುಗಳೂ ಚಿಗುರುತ್ತವೆ. ಆದುದರಿಂದ ಬೀಜಕ್ಕೆ ಹಣ ಸುರಿಯಬೇಕಾಗಿಲ್ಲ. ಹೊಲದ ಬದುವಿನಿಂದ ಒಂದು ಕುಕ್ಕೆ ಕಿತ್ತು ತಂದರಾಯಿತು.

ಕಷ್ಟವೆಲ್ಲ ನೆಲದ್ದು. ರೋಣಗಲ್ಲು ಉರುಳಿ ಉರುಳಿ ನಮ್ಮ ಕಣ ಕಲ್ಲಾಗಿತ್ತು. ಅಂತಹ ನೆಲದಲ್ಲಿ ನೀರು ಇಂಗದು, ಬೇರು ಇಳಿಯದು. ಗುದ್ದಲಿಯಿಂದ 1 ಅಡಿ ಆಳಕ್ಕೆ ಅಗೆಯಲು ನನಗೆ 9 ದಿನ ಹಿಡಿಯಿತು. ಅಂಗೈಯ ಬೊಬ್ಬೆಗಳ ಮಾತು ಬೇಡ. ಅಗೆದ ಮಣ್ಣನ್ನು ಬಿಸಿಲಿಗೆ ಬಿಟ್ಟು, ಒಂದೆರಡು ಮಳೆ ಬಿದ್ದು ಕಳೆ ಮೊಳೆತ ಮೇಲೆ ಕೀಳಬೇಕು. ಮುಖ್ಯವಾಗಿ ಜೇಕನ್ನು. ಎಲೆ ಹಿಡಿದೆಳೆದರೆ ಎಲೆಯಷ್ಟೇ ಕೈಗೆ ಬಂದು ಗೆಡ್ಡೆ ಕೆಳಗೇ ಉಳಿಯುತ್ತದೆ. ಮುಂದೆ ಲಾನಿನ ತುಂಬ ಅದೇ ತಲೆಯೆತ್ತುತ್ತದೆ. ಇದನ್ನರಿಯದೆ ನಾನು ಎಳೆಯುತ್ತಿದ್ದುದನ್ನು ಅಪ್ಪ 2 ದಿನ ಜಗಲಿಯಿಂದ ನೋಡಿದರು. ಮೂರನೆಯ ದಿನ ತಾವೇ ಸಣ್ಣ ಗುದ್ದಲಿ ಹಿಡಿದು ಬಂದು ಪಕ್ಕದಲ್ಲಿ ಕುಳಿತರು.

ಗೊಬ್ಬರ ಚೆನ್ನಾಗಿ ಕಳಿತು, ಜರಡಿ ಹಿಡಿದದ್ದಾಗಿರಬೇಕು; ಹಸಿಯ ಗೊಬ್ಬರ ಕಳೆಬೀಜವನ್ನು ಹೊತ್ತು ತರುತ್ತದೆ. ನೀರು ಗೋಡೆಯ ಕಡೆ ಹರಿಯದಂತೆ ಕೊಂಚ ಇಳಿಜಾರು ಕೊಡಬೇಕು. ಆಷಾಢದ ಜಿಟಿಜಿಟಿ ಮಳೆ ಹಿಡಿದಾಗ, 2-3 ಗೆಣ್ಣುಗಳಿರುವ ತುಂಡುಗಳನ್ನು 4-5 ಅಂಗುಲಕ್ಕೊಂದರಂತೆ ಊರಿ ಅದುಮಬೇಕು. ಸುಮಾರು 3 ಅಂಗುಲ ಬೆಳೆದ ಮೇಲೆ ಹರಿತವಾದ ಕುಡುಗೋಲಿನಿಂದ ತುದಿಯ ಮೂರನೆಯ ಒಂದು ಪಾಲನ್ನಷ್ಟೇ ಕೊಯ್ಯಬೇಕು. ಹೀಗೆ ಕೊಯ್ಯುತ್ತ ಬಂದರೆ ಅಡ್ಡಕ್ಕೆ ಹಬ್ಬಿ ದಟ್ಟವಾಗುತ್ತದೆ.

ಹೊಂಗೆಯ ನೆರಳಿದ್ದ ಮೂಲೆಯಲ್ಲಿ ಮಾತ್ರ ನಮ್ಮದು ಏಳಲಿಲ್ಲ. ಗರಿಕೆಗೆ ಬಿಸಿಲು ಬೇಕೇ ಬೇಕು. ಬೇಸಗೆಯಲ್ಲಿ ಬಾವಿಯ ನೀರು ಇದಕ್ಕಿಲ್ಲವೆಂದು ಅಪ್ಪ ಮೊದಲೇ ಕರಾರು ಮಾಡಿದ್ದಾರೆ. ನ್ಯಾಯವೇ, ಬೇರೂರಿದ ಗರಿಕೆ ಕಂದಿದರೂ ಮಳೆಗೆ ಮರಳಿ ಚಿಗುರುತ್ತದೆ. ಮೊದಲ ಕೊಯ್ಲಿನ ಹುಲ್ಲನ್ನು ಅವರೇ ಬಾಚಿಕೊಂಡು ಹೋಗಿ ಕರುವಿನ ಮುಂದೆ ಹಾಕಿದರು.