ಪುಟ್ಟ ಹೃದಯಕ್ಕೆ ಎಕ್ಮೋ ಕೊಡುವ ಬಿಡುವು

2020ರ ಫೆಬ್ರುವರಿಯಲ್ಲಿ ಮಂಗಳೂರಿನಿಂದ ಹೊರಟ ಆಂಬುಲೆನ್ಸೊಂದು 40 ದಿನದ ಮಗುವನ್ನು ಹೃದಯ ಶಸ್ತ್ರಚಿಕಿತ್ಸೆಗಾಗಿ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಲುಪಿಸಿತು. ಆ ಕಡೆಯವರಿಗೆ ಆ ಓಟ ನೆನಪಿದ್ದೀತು. ಆದರೆ ಇಂಥ ಮಕ್ಕಳ ಅಪಾಯ ಆಪರೇಷನ್ ಕೋಣೆಯಲ್ಲೇ ಮುಗಿಯುವುದಿಲ್ಲ. ಹೊಲಿಗೆ ಬಿದ್ದ ಹೃದಯ ಕೆಲವು ದಿನ ಬಳಲಿರುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಬರೀ ಶೀತವಾಗಿ ಬಂದುಹೋಗುವ ಆರ್‌ಎಸ್‌ವಿಯಂಥ ವೈರಸ್ ಆ ಹೊತ್ತಿನಲ್ಲಿ ತಗುಲಿದರೆ ಸಣ್ಣ ಶ್ವಾಸನಾಳಗಳು ಊದಿ ಕಫ ಕಟ್ಟುತ್ತದೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಸೋಲಬಹುದು. ವೆಂಟಿಲೇಟರೂ ಔಷಧವೂ ಸಾಲದಾದಾಗ ಉಳಿಯುವ ದಾರಿ ಎಕ್ಮೋ ಎಂಬ ಯಂತ್ರ.

ಈ ಯಂತ್ರ ಮಗುವಿನ ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ, ಮತ್ತೆ ದೇಹಕ್ಕೆ ಸೇರಿಸುತ್ತದೆ. ವೈರಸ್ಸನ್ನು ಅದು ಕೊಲ್ಲುವುದಿಲ್ಲ. ಹೃದಯ, ಶ್ವಾಸಕೋಶಗಳು ಚೇತರಿಸಿಕೊಳ್ಳುವವರೆಗೆ ಬಿಡುವು ಕೊಡುತ್ತದೆ. ಸಾವನ್ನು ಮುಂದೂಡುವ ದುಬಾರಿ ಯಂತ್ರವಷ್ಟೇ ಎಂಬ ಆಕ್ಷೇಪಕ್ಕೆ 1996ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ಉತ್ತರ ಕೊಟ್ಟಿದೆ. ಉಸಿರಾಟ ತೀವ್ರವಾಗಿ ಸೋತ 185 ನವಜಾತ ಶಿಶುಗಳಲ್ಲಿ, ಎಕ್ಮೋಗೆ ಆಯ್ಕೆಯಾದ 93ರಲ್ಲಿ 30, ಮಾಮೂಲಿ ಚಿಕಿತ್ಸೆಯ 92ರಲ್ಲಿ 54 ಮಕ್ಕಳು ತೀರಿಕೊಂಡವು. ಅವು ಹೃದಯ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲ, ನಿಜ. ಹೃದಯವೂ ಸೋತಿದ್ದರೆ ಫಲಿತಾಂಶ ಇಷ್ಟು ಚೆನ್ನಾಗಿರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧದಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವೂ ಇದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟಿರುವುದು ಮತ್ತೆ ಸರಿಹೋಗುವಂಥದ್ದೇ? ವೈರಸ್‌ನಿಂದಾದ ಊತ ಎಷ್ಟೋ ಮಕ್ಕಳಲ್ಲಿ ದಿನಗಳಲ್ಲೋ ವಾರಗಳಲ್ಲೋ ಇಳಿಯುತ್ತದೆ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿದ್ದರೆ ಎಕ್ಮೋಗೆ ಅರ್ಥವಿದೆ. ಹೃದಯದ ದೋಷವೇ ಉಳಿದಿದ್ದರೆ, ಮಿದುಳಿಗೆ ದೊಡ್ಡ ಪೆಟ್ಟಾಗಿದ್ದರೆ ಇಲ್ಲ.

ಎಕ್ಮೋಗೆ ಸುರಿಯುವ ಹಣವನ್ನು ತಾಲೂಕು ಆಸ್ಪತ್ರೆಗಳಿಗೆ ಕೊಡಬಾರದೇ ಎಂದು ಕೇಳಬಹುದು. ಎಕ್ಮೋ ಊರೂರಿಗೆ ಬೇಕಿಲ್ಲ. ಹಗಲುರಾತ್ರಿ ನೋಡಿಕೊಳ್ಳುವ ನುರಿತ ತಂಡವಿರುವ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿದ್ದರೆ ಸಾಕು. ತಾಲೂಕಿನಲ್ಲಿ ಆಗಬೇಕಾದ್ದು ಅಗ್ಗದ ಕೆಲಸ. ಹುಟ್ಟಿದ ಮಗುವಿನ ಕೈಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಚ್ಚಿದರೆ ಹಲವು ಗಂಭೀರ ಹೃದಯದೋಷಗಳು ಮೊದಲೇ ಗೊತ್ತಾಗುತ್ತವೆ. ಆಗ ಮಗುವನ್ನು ದಣಿಯುವ ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಶೀತವಿದ್ದರೆ, ಹೃದಯ ತಾಳುವಂತಿದ್ದರೆ, ಶಸ್ತ್ರಚಿಕಿತ್ಸೆಯನ್ನು ಮುಂದೂಡಲೂಬಹುದು. ಇನ್ನುಳಿದದ್ದು ಮನೆಯವರ ಕೈಯಲ್ಲಿದೆ: ಇಂಥ ಮಗುವನ್ನು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ, ನೆಗಡಿಯಾದವರನ್ನು, ನೆಂಟರಾದರೂ ಸರಿ, ತೊಟ್ಟಿಲ ಬಳಿ ಬಿಡಬೇಡಿ.