ಲಂಡನ್ ಪೇಟೆಯ ತಾಮ್ರ, ನಮ್ಮ ಬೋರಿನ ಕೇಬಲ್ಲು

ಕೋಗಳಿ, ಹರಪನಹಳ್ಳಿ ಕಡೆ ಬೋರಿನ ನೀರು ನಂಬಿ ಅಡಕೆ ಹಾಕಿದ ಸದಸ್ಯ ಬಾಂಧವರು, ಕೇಬಲ್ಲಿನ ದರ ಏರಿದಾಗ ಅಂಗಡಿಯವರ ಮೇಲೆ ಮುನಿಸಿಕೊಳ್ಳುವುದುಂಟು. ಆದರೆ ಅದರೊಳಗಿನ ತಾಮ್ರದ ಬೆಲೆ ಲಂಡನ್ನಿನ ಲೋಹ ಪೇಟೆಯನ್ನು ಹಿಡಿದು ನಡೆಯುತ್ತದೆ. 2024ರ ಮೇ ತಿಂಗಳಲ್ಲಿ ಅದು ಟನ್ನಿಗೆ 11,000 ಡಾಲರ್ ದಾಟಿತ್ತು. ಅಲ್ಲಿ ದರ ಏರದಿದ್ದರೂ, ಡಾಲರಿನೆದುರು ರೂಪಾಯಿ ಇಳಿದರೆ ನಮಗೆ ತುಟ್ಟಿಯೇ. 2018ರಲ್ಲಿ ತೂತ್ತುಕುಡಿಯ ದೊಡ್ಡ ತಾಮ್ರ ಕಾರ್ಖಾನೆ ಮುಚ್ಚಿದ ಮೇಲಂತೂ ಹೊರದೇಶದ ತಾಮ್ರಕ್ಕೆ ಇನ್ನಷ್ಟು ಕೈಯೊಡ್ಡಬೇಕಾಯಿತು.

ಲೆಕ್ಕ ಹಾಕಿ ನೋಡೋಣ. 4 ಚದರ ಮಿ.ಮೀ. ಗಾತ್ರದ ಮೂರು ಕೋರ್ ಕೇಬಲ್ಲಿನ 100 ಮೀಟರಿನಲ್ಲಿ ಸುಮಾರು 10.7 ಕಿಲೊ ತಾಮ್ರವಿರುತ್ತದೆ. ತಾಮ್ರ ಕಿಲೊಗೆ 100 ರೂ. ಏರಿದರೆ ಆ ಸುರುಳಿಗೆ 1,070 ರೂ. ಹೆಚ್ಚು ಬೀಳುತ್ತದೆ, ತೆರಿಗೆ ಬೇರೆ. ಹಳೆಯ ಕೇಬಲ್ಲನ್ನು ಗುಜರಿಗೆ ಹಾಕುವಾಗಲೂ ಇದೇ ಲೆಕ್ಕ ನೆನಪಿರಲಿ!

ತುಟ್ಟಿಯೆಂದು 4ರ ಬದಲು 2.5ರದ್ದನ್ನು ತರುವುದನ್ನು ನಾವು ಒಪ್ಪುವುದಿಲ್ಲ. ತೆಳು ತಂತಿಯಲ್ಲಿ ವೋಲ್ಟೇಜು ಕುಸಿದು ಮೋಟಾರು ಸುಡುತ್ತದೆ. ಎತ್ತಿ ಇಳಿಸುವ ಕೂಲಿ, ವೈಂಡಿಂಗ್ ಖರ್ಚು ಸೇರಿದರೆ ಉಳಿಸಿದ್ದೆಲ್ಲ ಹೋಯಿತು. ಅಲ್ಯೂಮಿನಿಯಂ ಅಗ್ಗ, ಹಗುರ. ಆದರೆ ಅಷ್ಟೇ ಕರೆಂಟಿಗೆ ಒಂದೂವರೆ ಪಟ್ಟಿಗೂ ಹೆಚ್ಚು ಗಾತ್ರ ಬೇಕು. ಮೇಲಿನ ಲೈನಿಗೆ ಆದೀತು, ಬೋರಿನೊಳಕ್ಕೆ ತಾಮ್ರವೇ ಸರಿ. ಐಎಸ್‌ಐ ಗುರುತು ನೋಡಿ ಕೊಳ್ಳಿರಿ. ಅನುಮಾನವಿದ್ದರೆ ಒಂದು ಮೀಟರ್ ತುಂಡಿನ ಹೊದಿಕೆ ಸುಲಿದು ತೂಗಿಸಿರಿ: 4ರ ಮೂರು ಕೋರಿನಲ್ಲಿ ಸುಮಾರು 107 ಗ್ರಾಂ ತಾಮ್ರ ಸಿಗಬೇಕು.