ತುತ್ತಿನ ಲೆಕ್ಕ ಯಾರದು?

"ಮಗು ಊಟವನ್ನೇ ಮಾಡುವುದಿಲ್ಲ!" ನಮ್ಮ ಸಂಘದ ಯಾವ ಕೂಟಕ್ಕೆ ಹೋದರೂ ತಾಯಂದಿರ ಬಾಯಲ್ಲಿ ಈ ಮಾತು ಕೇಳಿಬರುತ್ತದೆ. ಹಿಂದೆ ಅಂಗಳದಲ್ಲಿ ಚಂದಮಾಮನನ್ನು ತೋರಿಸಿ ತುತ್ತು ಇಡುತ್ತಿದ್ದರು. ಪುಣೆಯ ಮೂರನೆಯ ಮಹಡಿಗೆ ಅಂಗಳವೆಲ್ಲಿಂದ ಬರಬೇಕು? ಆ ಕೆಲಸವನ್ನು ಈಗ ಮೊಬೈಲ್ ಫೋನು ವಹಿಸಿಕೊಂಡಿದೆ. ಮೂರು ವರ್ಷದ ಮಗಳ ಹಿಂದೆ ತಟ್ಟೆ ಹಿಡಿದು ಗಂಟೆಗಟ್ಟಲೆ ಓಡಾಡುವುದು ನಮ್ಮ ಮನೆಯಲ್ಲಿಯೂ ನಿತ್ಯವ್ರತವಾಗಿತ್ತು. ಕೊನೆಗೆ ಗದರಿಕೆ, ಅಳು, ಕೆಲವೊಮ್ಮೆ ವಾಂತಿ.

ಮಕ್ಕಳ ವೈದ್ಯರು ತೂಕ ನೋಡಿ ನಕ್ಕರು. ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು 3 ಪಟ್ಟಾಗುತ್ತದೆ; ಎರಡನೆಯ ವರ್ಷ ಏರುವುದು 2-3 ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ಇಳಿಯುವುದು ಸಹಜವಂತೆ. "ಮಗು ಉಣ್ಣುತ್ತಿದೆ, ನಿಮ್ಮ ಲೆಕ್ಕಕ್ಕೆ ಸಾಲುತ್ತಿಲ್ಲ, ಅಷ್ಟೆ" ಎಂದರು.

ಹಾಗಾದರೆ ಲೆಕ್ಕ ಯಾರದು? ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಲ್ಲಿಯೇ ಇದಕ್ಕೆ ಸರಳವಾದ ಹಂಚಿಕೆಯೊಂದನ್ನು ಹೇಳಿದ್ದಾರೆ. ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರದು. ಉಣ್ಣಬೇಕೇ, ಎಷ್ಟು ಉಣ್ಣಬೇಕು ಎಂಬುದು ಮಗುವಿನದು.

ನಾವೂ ಹಾಗೆಯೇ ಕಟ್ಟು ಮಾಡಿಕೊಂಡೆವು. ರಾತ್ರಿ ಎಂಟಕ್ಕೆ ಎಲ್ಲರೂ ಒಟ್ಟಿಗೆ ಕೂರುವುದು. ಫೋನು ಕಪಾಟಿನಲ್ಲಿ. ಊಟಕ್ಕೆ ಮುಂಚೆ ಹಾಲು, ಬಿಸ್ಕತ್ತು ಇಲ್ಲ, ನೀರು ಮಾತ್ರ. ಮೊದಲು ಸ್ವಲ್ಪವೇ ಬಡಿಸಿ, ಕೇಳಿದರೆ ಮತ್ತೆ ಬಡಿಸುವುದು. ಬೇಡವಾದ ಪಲ್ಯವನ್ನು ಒತ್ತಾಯಿಸದೆ ಹತ್ತಾರು ಸಲ ಚೂರು ಚೂರಾಗಿ ಇಡುವುದು. "ಇದು ತಿಂದರೆ ಸಿಹಿ" ಎಂಬ ಲಂಚ ಕೂಡದು. ಅರ್ಧ ಗಂಟೆಯಾದ ಮೇಲೆ ಸಿಟ್ಟಿಲ್ಲದೆ ತಟ್ಟೆ ಎತ್ತುವುದು.

ಎರಡನೆಯ ರಾತ್ರಿಯೇ ಪರೀಕ್ಷೆ ಬಂತು. ಮಗಳು ಎರಡು ತುತ್ತು ಉಂಡು ತಟ್ಟೆ ನೂಕಿದಳು. ನಾನು ತಟ್ಟೆ ಎತ್ತಿದೆ. ಅವಳು ಮಲಗಿದಳು. ಊರಿನಿಂದ ಬಂದಿದ್ದ ಅವ್ವನ ಕಣ್ಣು ತುಂಬಿತು.

"ಕೂಸು ಉಪಾಸ ಮಲಗೇದಲ್ಲೋ ತಮ್ಮಾ. ಮನ್ಯಾಗ ಎಲ್ಲಾ ಇದ್ದೂ ಇದೇನೋ ನಿನ್ನ ಕಾಯ್ದೆ?"

1972ರ ಬರಗಾಲವನ್ನು ವಿಜಯಪುರದ ಹಳ್ಳಿಯಲ್ಲಿ ಕಂಡವಳು ಅವಳು. ಅವಳಿಗೆ ಉಳಿದ ಅನ್ನವೆಂದರೆ ಬರಿಯ ಅನ್ನವಲ್ಲ. ಏನು ಉತ್ತರ ಹೇಳಲಿ? ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಮಗಳು ಅಜ್ಜಿಯ ಪಕ್ಕದಲ್ಲಿ ತಾನಾಗಿಯೇ ಕೂತಳು. ಬೆಣ್ಣೆ ಹಚ್ಚಿದ ರೊಟ್ಟಿಯನ್ನು ಮುರಿದು ತಿಂದು, "ಇನ್ನೊಂದು" ಎಂದಳು. ಅವ್ವ ನನ್ನ ಕಡೆ ನೋಡಿದಳು, ಮಾತಾಡಲಿಲ್ಲ.

ಎಲ್ಲವೂ ಸುಸೂತ್ರವಾಯಿತೆಂದಲ್ಲ. ಈಗಲೂ ಎಷ್ಟೋ ದಿನ ಅರ್ಧ ತಟ್ಟೆ ಉಳಿಯುತ್ತದೆ. ಇನ್ನೊಂದು ಮಾತು: ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಮಗು ಸೊರಗಿದ್ದರೆ ಈ ಕಟ್ಟುಗಳನ್ನು ನೆಚ್ಚಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ನಾವು ನಿರೀಕ್ಷಿಸದ ಲಾಭವೊಂದಾಯಿತು. ಫೋನು ಕಪಾಟು ಸೇರಿದ ಮೇಲೆ ಊಟದ ಹೊತ್ತಿಗೆ ಮಾತು ಬಂತು. ಹಗಲೆಲ್ಲ ಮರಾಠಿ, ಹಿಂದಿ ಕೇಳುವ ಮಗಳು ಅಜ್ಜಿಯ ಬಾಯಿಂದ "ಝುಣಕ", "ಪುಂಡಿಪಲ್ಯ", "ಗುರೆಳ್ಳು ಚಟ್ನಿ" ಎಂಬ ಮಾತುಗಳನ್ನು ತುತ್ತಿನ ಜೊತೆಗೇ ಕಲಿಯುತ್ತಿದ್ದಾಳೆ. ಅವ್ವ ಈಗಲೂ ಆಗಾಗ ಬಿಸ್ಕತ್ತಿನ ಡಬ್ಬಿಯ ಕಡೆ ಕಣ್ಣು ಹಾಯಿಸುತ್ತಾಳೆ. ಆದರೆ ಮುಚ್ಚಳ ತೆಗೆಯುವುದಿಲ್ಲ.